ಅರ್ಥ ಬರೆಯದ ಪುಸ್ತಕದಿಂದ ನಾಟಕ ಕಲಿತದ್ದು

ನನ್ನ ಮೊದಲ ನಾಟಕದ ಓದು ನಡೆದದ್ದು ಉಡುಪಿಯಲ್ಲಿ, ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ. ಬೀಡಿ ಕಟ್ಟುವ ಹೆಂಗಸರ ಕತೆ. ಒಂದು ಶನಿವಾರ ಸಂಜೆ, ಕಟ್ಟಿದ ಬೀಡಿ ತಂದು ಒಪ್ಪಿಸುವ ಬ್ರಾಂಚಿನ ಜಗಲಿಯಲ್ಲಿ ನಡೆಯುವಂಥದ್ದು. ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿ ನಮ್ಮನ್ನು ಓದಿಸಿದವಳು, ಹಾಗಾಗಿ ವಿಷಯಕ್ಕೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಓದು ಮುಗಿಯಿತು. ನಾವೆಲ್ಲ ಮಾಷ್ಟ್ರು ಅಂತಲೇ ಕರೆಯುವ ನಮ್ಮ ತಂಡದ ನಿರ್ದೇಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾತು ಚೆಂದ ಉಂಟು ಮಾರಾಯ. ಆದ್ರೆ ಇವರೆಲ್ಲ ಈ ಜಗಲಿಗೆ ಯಾಕೆ ಬಂದದ್ದು? ಮಾತಾಡ್ಲಿಕ್ಕೇ ಬಂದ ಹಾಗೆ ಕಾಣ್ತದೆ" ಎಂದರು.

ಅದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅಚ್ಚಾದ ನಾಟಕ, ಚಿತ್ರಕಥೆ, ಬರೆಯುವುದು ಹೇಗೆಂದು ಹೇಳಿಕೊಡುವ ಕೈಪಿಡಿ, ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನಂತೆ ಒಬ್ಬರೇ ಕೂತು ಬರೆಯುತ್ತಿರುವವರಿಗೆ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಕೈಪಿಡಿಗಳ ಹತ್ತಿರ. 1979ರಲ್ಲಿ ಬಂದ, ಅಮೆರಿಕದ ಸಿಡ್ ಫೀಲ್ಡ್ ಅವರ 'ಸ್ಕ್ರೀನ್‌ಪ್ಲೇ' ಪುಸ್ತಕ ಈಗಲೂ ಕೈಯಿಂದ ಕೈಗೆ ಹೋಗುತ್ತಿದೆ. ಚಿತ್ರಕಥೆಗೆ 120 ಪುಟ, ಮೂರು ಅಂಕ; 25ರಿಂದ 27ನೇ ಪುಟದ ಹೊತ್ತಿಗೆ ಒಂದು ತಿರುವು, 85ರಿಂದ 90ರ ಹೊತ್ತಿಗೆ ಇನ್ನೊಂದು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕದ ಮೇಲೆ ಇದೆಲ್ಲ ನಿಂತಿದೆ. ಆ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ಟೈಪ್‌ರೈಟರ್ ಅಕ್ಷರದಲ್ಲಿ, ಮಾತಿಗೆ ಅಗಲವಾದ ಅಂಚು ಬಿಟ್ಟು ಹೊಡೆದ ಪುಟದಲ್ಲಿ. ನಾನು ಕನ್ನಡದಲ್ಲಿ ಟೈಪ್ ಮಾಡಿದ ಒಂದು ತುಂಬು ಪುಟವನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ ಹತ್ತಿರ ಹತ್ತಿರ ಎರಡು ನಿಮಿಷ. ಪುಟದ ಸಂಖ್ಯೆ ನೋಡಿ ತಿರುವು ಇಟ್ಟವರ ನಾಟಕ ಎಲ್ಲಿ ಹೋಗಿ ನಿಂತೀತು ಹೇಳಿ. ಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡ ಬರುವುದು ಏನು ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಆ ಪುಸ್ತಕಗಳಿಂದ ಬಂತು, ಅದು ಇವತ್ತಿಗೂ ನನ್ನ ಜತೆಗಿದೆ.

ಅಚ್ಚಾದ ಚಿತ್ರಕಥೆಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಪುಸ್ತಕಗಳು ಚಿತ್ರೀಕರಣಕ್ಕೆ ಮೊದಲು ಬರೆದದ್ದನ್ನು ಅಚ್ಚು ಹಾಕಿರುತ್ತವೆ, ಕೆಲವು ಸಿನಿಮಾ ಮುಗಿದ ಮೇಲೆ ತೆರೆಯನ್ನು ನೋಡಿ ಬರೆದಿಟ್ಟದ್ದನ್ನು. ಎರಡನೆಯ ಜಾತಿಯದನ್ನು ನಾನು ತಿಂಗಳುಗಟ್ಟಲೆ ಮಾದರಿ ಎಂದುಕೊಂಡಿದ್ದೆ. ಒಂದು ರಾತ್ರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಿನಿಮಾ ನೋಡಿದಾಗ ಒಂದು ಅಕ್ಷರವೂ ಆಚೀಚೆ ಆಗಲಿಲ್ಲ. ಬರಹಗಾರನ ಜಾಣ್ಮೆ ಎಂದು ನಾನು ಗೆರೆ ಎಳೆದ ಎಷ್ಟೋ ಕಡೆ ಕೆಲಸ ಮಾಡಿದ್ದು ಸಂಕಲನಕಾರನ ಕತ್ತರಿ ಎಂದು ಆಗ ಹೊಳೆಯಿತು. ಮೊದಲೇ ಬರೆದ ಪ್ರತಿ ಸಿಕ್ಕರೆ ಬಿಡಬೇಡಿ. ಅದರಲ್ಲಿದ್ದೂ ತೆರೆಗೆ ಬಾರದ ದೃಶ್ಯಗಳನ್ನು ಹುಡುಕಿ, ಯಾಕೆ ಬಿಟ್ಟರು ಎಂದು ಯೋಚಿಸಿ.

ನಾಟಕಗಳನ್ನು ಓದುವ ಕ್ರಮವನ್ನೂ ಬದಲಿಸಿದೆ. ಗಿರೀಶ ಕಾರ್ನಾಡರ 'ತುಘಲಕ್' (1964) ತೆಗೆದುಕೊಂಡು, ಮಾತು ಬಿಟ್ಟು, ಯಾರು ಯಾವಾಗ ಬಂದರು, ಯಾವಾಗ ಹೋದರು ಎಂಬುದನ್ನಷ್ಟೇ ಚೌಕದ ಪುಸ್ತಕದಲ್ಲಿ ಗುರುತು ಹಾಕಿದೆ. ಹದಿಮೂರು ದೃಶ್ಯ. ಅಜೀಜ್, ಆಜಮ್ ಎಂಬ ಇಬ್ಬರು ಮೋಸಗಾರರು ಬರುವ ಸಣ್ಣ ದೃಶ್ಯಗಳು ದೊಡ್ಡ ದರ್ಬಾರಿನ ದೃಶ್ಯಗಳ ನಡುವೆ ಸಿಕ್ಕಿಸಿದಂತೆ ಕಂಡವು. ಇದು ಕಂಪನಿ ನಾಟಕದಿಂದ ತೆಗೆದುಕೊಂಡ ಕಟ್ಟು ಎಂದು ಕಾರ್ನಾಡರೇ ಹೇಳಿದ್ದಾರೆ. ಮುಂದೆ ಬೀದಿಯ ಪರದೆ ಇಳಿಬಿಟ್ಟು ಇಬ್ಬರು ನಗಿಸುತ್ತಿರುವಾಗ ಹಿಂದೆ ಅರಮನೆ ಸಿದ್ಧವಾಗಬೇಕು. ಪರದೆ ಎಳೆಯುವವನ ಅವಸರವೂ ನಾಟಕದ ಆಕಾರವನ್ನು ತಿದ್ದುತ್ತದೆ ಎಂಬುದು ನನಗೆ ಆ ಚೌಕದ ಪುಸ್ತಕದಿಂದ ಗೊತ್ತಾಯಿತು. ಮಾತನ್ನೇ ಓದುತ್ತಾ ಹೋಗಿದ್ದರೆ ಗೊತ್ತಾಗುತ್ತಿರಲಿಲ್ಲ.

ಆದರೂ ಮಾಷ್ಟ್ರ ಪ್ರಶ್ನೆ ಹಾಗೇ ಇತ್ತು. ಅದನ್ನು ಬಿಡಿಸಿದ್ದು ನನ್ನ ಸೋದರಮಾವ.

ಮಾವ ಹವ್ಯಾಸಿ ಭಾಗವತರು, ಎಂದರೆ ಯಕ್ಷಗಾನದ ಪದ್ಯ ಹಾಡುವವರು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಅವರ ಮನೆಯ ಚಾವಡಿಯಲ್ಲಿ ತಾಳಮದ್ದಲೆ, ಎಂದರೆ ವೇಷ, ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ, ನಡೆಯುತ್ತದೆ. ಆ ಸಲ ವಾಲಿ ಸಂಹಾರ. ನಾನು ಅವರ ಪಕ್ಕ ಕೂತು ಪ್ರಸಂಗ ಪುಸ್ತಕದ ಮೇಲೆ ಕಣ್ಣಾಡಿಸುತ್ತಿದ್ದೆ. ಅಂಚು ಹರಿದ ಹಳೆಯ ಪ್ರತಿ, ಪದ್ಯಗಳ ಪಕ್ಕ ಪೆನ್ಸಿಲಿನ ಗುರುತು. ಚಿಕ್ಕಂದಿನಿಂದ ನೋಡಿದ ಪುಸ್ತಕವೇ. ಆದರೆ ಇದರಲ್ಲಿ ಒಂದೇ ಒಂದು ಸಂಭಾಷಣೆ ಬರೆದಿಲ್ಲ ಎಂಬುದನ್ನು ನಾಟಕ ಬರೆಯುವವನ ಕಣ್ಣಿನಿಂದ ನೋಡಿದ್ದು ಆ ರಾತ್ರಿ. ಇರುವುದು ಪದ್ಯ, ಪದ್ಯದ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು, ನಡುವೆ ಭಾಮಿನಿ, ಕಂದ ಎಂಬ ಛಂದಸ್ಸಿನ ಪದ್ಯ. ಅಷ್ಟೆ. ಅರ್ಥವನ್ನು, ಎಂದರೆ ಆಡುವ ಮಾತನ್ನು, ಅರ್ಥಧಾರಿ ಆ ಕ್ಷಣಕ್ಕೆ ಕಟ್ಟುತ್ತಾನೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗ ನಾಲ್ಕಾರು ಪದ್ಯದ್ದು. ಆ ದಿನ ಅದು ಒಂದು ಗಂಟೆ ನಡೆಯಿತು, ಚಾವಡಿಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮಾವನನ್ನು ಕೇಳಿದೆ, ಮಾತೇ ಬರೆಯದ ಪುಸ್ತಕದಿಂದ ಇಷ್ಟು ಮಾತು ಹೇಗೆ ಹುಟ್ಟುತ್ತದೆ ಎಂದು.

"ಪದ್ಯದಲ್ಲಿ ಕೆಲಸ ಉಂಟಲ್ಲ" ಎಂದರು. "ಸುಗ್ರೀವ ಕರೀತಾನೆ. ವಾಲಿ ಎದ್ದು ಹೊರಡ್ತಾನೆ. ತಾರೆ ತಡೀತಾಳೆ. ಇವ ಕೇಳದೆ ಹೋಗ್ತಾನೆ. ಒಂದೊಂದು ಪದ್ಯಕ್ಕೆ ಒಂದೊಂದು ಕೆಲಸ. ಅರ್ಥದವನು ಎಷ್ಟು ಬೇಕಾದ್ರೂ ಮಾತಾಡ್ಲಿ, ಮುಂದಿನ ಪದ್ಯಕ್ಕೆ ಕೊಂಡಿ ಕೊಡದಿದ್ರೆ ನಾನು ಎತ್ತುವುದು ಹೇಗೆ?"

ಮಾತಿಗಿಂತ ಮೊದಲು ಕೆಲಸ ಬೇಕು. ನಾನು ಬರೆದ ಜಗಲಿಯಲ್ಲಿ ಮಾತಿತ್ತು, ಕೆಲಸ ಇರಲಿಲ್ಲ.

ಮನೆಗೆ ಬಂದು ನನ್ನ ನಾಟಕದ ಹಳೆಯ ಪ್ರತಿಯನ್ನು ಕಪಾಟಿಗೆ ಹಾಕಿದೆ. ಒಂದು ಹಾಳೆಯಲ್ಲಿ ನನ್ನ ನಾಟಕದ 'ಪದ್ಯ'ಗಳನ್ನು ಬರೆದೆ. ಒಂದೊಂದು ಸಾಲು, ಸಾಲಿಗೊಂದು ಕ್ರಿಯೆ: ಅಕ್ಕ ಗೆರಸೆ ಇಳಿಸುತ್ತಾಳೆ. ಕಂಟ್ರಾಕ್ಟರ್ ನಾನೂರು ಬೀಡಿ ಪಕ್ಕಕ್ಕೆ ಸರಿಸುತ್ತಾನೆ. ಅಕ್ಕ ಅದನ್ನು ಎತ್ತಿ ಮತ್ತೆ ರಾಶಿಗೆ ಹಾಕುತ್ತಾಳೆ. ಹೀಗೆ ಹದಿನೇಳು ಸಾಲು. ತಾಳದ ಹೆಸರಿನ ಜಾಗದಲ್ಲಿ 'ನಿಧಾನ', 'ಅವಸರ' ಎಂದು ಗುರುತು. ಎರಡು ತಿಂಗಳು ಮಾತು ಬರೆಯಲಿಲ್ಲ.

ಮೊದಲ ಪ್ರತಿಯಲ್ಲಿ ಅಕ್ಕ ಹೀಗೆ ಮಾತಾಡಿದ್ದಳು: "ಇಪ್ಪತ್ತು ವರ್ಷದಿಂದ ನಿಮ್ಮ ಬ್ರಾಂಚಿಗೇ ಬೀಡಿ ಕೊಟ್ಟಿದ್ದೇನೆ. ನನ್ನ ಬೆರಳು ಸವೆದಿದೆ, ಕಣ್ಣು ಮಂಜಾಗಿದೆ. ಮಗಳ ಫೀಸು ಕಟ್ಟಬೇಕು. ನಿಮಗೆ ಕರುಣೆ ಇಲ್ಲವೇ?" ಎರಡನೆಯ ಪ್ರತಿಯ ಅದೇ ಜಾಗ ಇದು:

(ಕಂಟ್ರಾಕ್ಟರ್ ಒಂದು ಕಟ್ಟು ಎತ್ತಿ ಬೆರಳಲ್ಲಿ ಒತ್ತಿ ನೋಡಿ ಪಕ್ಕಕ್ಕಿಡುತ್ತಾನೆ. ಇನ್ನೊಂದು. ಅದನ್ನೂ.)
ಕಂಟ್ರಾಕ್ಟರ್: ಆರುನೂರು.
ಅಕ್ಕ: ಸಾವಿರ ತಂದದ್ದು.
ಕಂಟ್ರಾಕ್ಟರ್: ಲೆಕ್ಕ ನಂಗೂ ಬರ್ತದೆ ಅಕ್ಕ.
(ಅಕ್ಕ ಪಕ್ಕಕ್ಕಿಟ್ಟ ಒಂದು ಕಟ್ಟನ್ನು ತೆಗೆದು ನೂಲು ಬಿಚ್ಚುತ್ತಾಳೆ. ಒಂದೊಂದೇ ಬೀಡಿ ಅವನೆದುರು ಇಡುತ್ತಾಳೆ.)
ಅಕ್ಕ: ಯಾವುದು ಹಾಳು, ತೋರಿಸಿ.

ಫೀಸಿನ ಮಾತೇ ಇಲ್ಲ. ಓದಿದಾಗ ಮಾಷ್ಟ್ರು ಏನೂ ಕೇಳಲಿಲ್ಲ, ಪಾತ್ರ ಹಂಚಲು ಶುರುಮಾಡಿದರು.

ಭಾಷೆಯ ವಿಚಾರ ಒಂದಿತ್ತು. ನಮ್ಮ ಕಡೆ ಈ ಹೆಂಗಸರು ಮನೆಯಲ್ಲೂ ಬ್ರಾಂಚಿನಲ್ಲೂ ಆಡುವುದು ತುಳು. ಅವರನ್ನು ಪುಸ್ತಕದ ಕನ್ನಡದಲ್ಲಿ ಮಾತಾಡಿಸಿದರೆ ಕಿವಿಗೆ ಒಪ್ಪುವುದಿಲ್ಲ. ಧಾರವಾಡದ ನಾಟಕ ಓದಿ ಅಲ್ಲಿಯ ಧಾಟಿ ಹಿಡಿದರೆ ಇನ್ನೂ ದೂರ. ತುಳುವರು ಕನ್ನಡ ಮಾತಾಡುವಾಗ ಬರುವ 'ಉಂಟು', 'ಎಂತ', 'ಬರ್ತದೆ' ಇಷ್ಟನ್ನೇ ನಂಬಿದೆ. ಮಂಗಳೂರಲ್ಲಿ ಆಡಿದಾಗಲೂ ಕುಂದಾಪುರದಲ್ಲಿ ಆಡಿದಾಗಲೂ ಜನ ಅದನ್ನು ತಮ್ಮದೇ ಎಂಬಂತೆ ಕೇಳಿದರು.

ತಾಲೀಮಿಗೆ ಅಮ್ಮ ಮೂರು ದಿನ ಬಂದಳು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ಹರಡಿ ಸುತ್ತುವುದು, ನೂಲು ಹಾಕುವುದು, ತುದಿ ಮಡಚುವುದು, ಎಲ್ಲವನ್ನೂ ನಟಿಯರ ಪಕ್ಕ ನೆಲದ ಮೇಲೆ ಕೂತು ತೋರಿಸಿದಳು. ಕೈಗೆ ಕೆಲಸ ಬಂದ ಕೂಡಲೇ ಮಾತಿನ ಲಯ ಬದಲಾಯಿತು. ಉದ್ದ ವಾಕ್ಯಗಳು ತಾವಾಗಿಯೇ ತುಂಡಾದವು, ಏಕೆಂದರೆ ನೂಲು ಎಳೆಯುವಾಗ ಯಾರೂ ಮಾತಾಡುವುದಿಲ್ಲ. ಓದುವಾಗ ಐವತ್ತು ನಿಮಿಷ ಇದ್ದದ್ದು ರಂಗದ ಮೇಲೆ ಅರುವತ್ತೆರಡಾಯಿತು. ಐದು ಪುಟ ಹೊಡೆದು ಹಾಕಿದೆ. ಯಾವುದನ್ನು ಎಂದು ಹುಡುಕಬೇಕಾಗಲಿಲ್ಲ, ನಟಿಯರು ಪ್ರತಿ ಸಲ ಮರೆಯುತ್ತಿದ್ದ ಸಾಲುಗಳೇ ಅವು.

ಕಳೆದ ವರ್ಷ ಅದನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದೆ. ನಾನು ಮೊದಲು ಬರೆದದ್ದನ್ನಲ್ಲ, ತಾಲೀಮಿನಲ್ಲಿ ಉಳಿದದ್ದನ್ನು. ಮೊದಲ ಪುಟದಲ್ಲೇ ಪಾತ್ರ ಎಷ್ಟು, ಅವಧಿ ಎಷ್ಟು, ಏನೇನು ಸಾಮಾನು ಬೇಕು ಎಂದು ಹಾಕಿದ್ದೇನೆ. ನಾಟಕ ಹುಡುಕುವ ತಂಡದವರು ಮೊದಲು ನೋಡುವುದು ಅದನ್ನೇ, ಆದರೂ ಎಷ್ಟೋ ಪುಸ್ತಕಗಳಲ್ಲಿ ಅದು ಇರುವುದಿಲ್ಲ. ಕೃತಿಸ್ವಾಮ್ಯದ ಸಾಲನ್ನೂ ಸೇರಿಸಿದೆ. 1957ರ ಕಾಯ್ದೆಯ ಪ್ರಕಾರ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ ಅದು ಉಲ್ಲಂಘನೆ ಅಲ್ಲ. ಆದರೂ ಒಂದು ಫೋನ್ ಮಾಡಿದರೆ ನಾನು ತಾಲೀಮಿಗೇ ಬಂದೇನು, ಅದು ನನಗೆ ಸಂತೋಷ.

ಪುಸ್ತಕದ ಮೊದಲ ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಸಾಮಾನಿನ ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು: ಗೆರಸೆ ಮೂರು, ಕತ್ತರಿ ಮೂರು, ಎಲೆ ಕಟ್ಟು ಎರಡು, ನೂಲು.

"ಅಳತೆಯ ತಗಡು ಬರೆದಿಲ್ಲವಲ್ಲ ಮಗ. ಅದಿಲ್ಲದೆ ಅವರು ಎಲೆ ಕತ್ತರಿಸುವುದು ಹೇಗೆ?"

ಈಗ ಯಾರಿಗೆ ಪುಸ್ತಕ ಕೊಟ್ಟರೂ ಆ ಸಾಲನ್ನು ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ.