ಮನೆಯಲ್ಲಿ ಡಾಪ್ಲರ್ ಬಳಸಿ ಮಗುವಿನ ಎದೆಬಡಿತ ಕೇಳಿದ ನನ್ನ ಅನುಭವ

ನನ್ನ ಮೊದಲ ಗರ್ಭ ನಿಲ್ಲಲಿಲ್ಲ. ಹಾಗಾಗಿ ಎರಡನೇ ಸಲ ಒಂದು ಸ್ಕ್ಯಾನಿನಿಂದ ಇನ್ನೊಂದು ಸ್ಕ್ಯಾನಿನವರೆಗೆ ದಿನ ಕಳೆಯುವುದೇ ಕಷ್ಟವಾಗುತ್ತಿತ್ತು. ಹೊಟ್ಟೆ ಇನ್ನೂ ಕಾಣಿಸುತ್ತಿರಲಿಲ್ಲ, ಮಗು ಮಿಸುಕುವುದು ತಿಳಿಯುವ ಕಾಲವೂ ಬಂದಿರಲಿಲ್ಲ. ಮಗುವಿನ ಎದೆಬಡಿತ ಕೇಳಲು ಮನೆಯಲ್ಲೇ ಬಳಸುವ ಡಾಪ್ಲರ್ ಅನ್ನುವ ಪುಟ್ಟ ಮೆಷಿನ್ ತರಿಸಿದ್ದು ಆಗಲೇ. ತರಿಸಿದ ಮೇಲೆ ಡಬ್ಬಿ ಬಿಚ್ಚದೆ ಮೊದಲು ಡಾಕ್ಟರನ್ನು ಕೇಳಿದೆ. ಅವರಿಗೆ ಅಷ್ಟು ಇಷ್ಟವಿರಲಿಲ್ಲ. ‘ಕೇಳಲೇಬೇಕು ಅನ್ನಿಸಿದರೆ ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಕೇಳಿ. ಆದರೆ ಅದನ್ನು ನಂಬಿ ಆಸ್ಪತ್ರೆಗೆ ಬರೋದನ್ನ ತಪ್ಪಿಸಬೇಡಿ’ ಅಂದರು. ಕೊನೆಯವರೆಗೂ ನಾನು ಹಿಡಿದುಕೊಂಡಿದ್ದು ಆ ಎರಡನೇ ಮಾತನ್ನು.

ಡಾಪ್ಲರಿನಲ್ಲಿ ನಮಗೆ ಕೇಳಿಸುವುದು ಹೃದಯದ ಸದ್ದೇ ಅಲ್ಲ. ಸ್ಟೆತಸ್ಕೋಪಿನ ಹಾಗೆ ಅದು ಒಳಗಿನ ಸದ್ದನ್ನು ಹೊರಗೆ ತರುವುದಿಲ್ಲ. ಹೊಟ್ಟೆಯ ಮೇಲೆ ಇಡುವ ಅದರ ಭಾಗ, ಅಂದರೆ ಪ್ರೋಬ್, 2ರಿಂದ 3 ಮೆಗಾಹರ್ಟ್ಸ್‌ನ ಶಬ್ದದ ಅಲೆಯನ್ನು ಒಳಗೆ ಕಳಿಸುತ್ತದೆ. ಇದು ನಮ್ಮ ಕಿವಿಗೆ ಕೇಳದ ಶಬ್ದ. ಚಲಿಸುತ್ತಿರುವ ಯಾವುದಕ್ಕೆ ತಾಗಿದರೂ ವಾಪಸ್ ಬರುವಾಗ ಅದರ ಕಂಪನ ಸ್ವಲ್ಪ ಬದಲಾಗಿರುತ್ತದೆ. ಆ ವ್ಯತ್ಯಾಸವನ್ನು ಮೆಷಿನ್ ನಮಗೆ ಕೇಳುವ ಸದ್ದಾಗಿ ಮಾಡಿಕೊಡುತ್ತದೆ. 1842ರಲ್ಲಿ ಕ್ರಿಸ್ಟಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕಿನ ಬಗ್ಗೆ ಹೇಳಿದ ತತ್ವವೇ ಇದು. ಅಂದರೆ ಹೊಟ್ಟೆಯೊಳಗೆ ಏನು ಚಲಿಸಿದರೂ ಸದ್ದು ಬರುತ್ತದೆ. ನನ್ನದೇ ರಕ್ತನಾಳ, ಮಾಸು, ಕರುಳು, ಹೊಕ್ಕುಳ ಬಳ್ಳಿ, ಎಲ್ಲವೂ ಕೇಳಿಸುತ್ತವೆ. ಇದು ಗೊತ್ತಿಲ್ಲದೆ ಪ್ರೋಬ್ ಇಟ್ಟರೆ ಏನೋ ಬಡಿಯುತ್ತಿದೆ ಅಂತ ಸಮಾಧಾನ ಆಗಿಬಿಡುತ್ತದೆ.

12 ವಾರ ದಾಟುವವರೆಗೆ ನಾನು ಪ್ರಯತ್ನಿಸಲಿಲ್ಲ. ಅದಕ್ಕಿಂತ ಮುಂಚೆ ಮಗು ಚೆನ್ನಾಗಿದ್ದರೂ ಎಷ್ಟೋ ಜನರಿಗೆ ಕೇಳುವುದಿಲ್ಲ, ಸುಮ್ನೆ ಗಾಬರಿ. ಶುರುವಿನಲ್ಲಿ ಗರ್ಭಕೋಶ ತುಂಬಾ ಕೆಳಗಿರುತ್ತದೆ. ಹೊಕ್ಕುಳ ಹತ್ತಿರ ಹುಡುಕಿ ಪ್ರಯೋಜನವಿಲ್ಲ. ಹೊಟ್ಟೆಯ ಕೆಳತುದಿಯಲ್ಲಿ ಮೂಳೆ ಕೈಗೆ ಸಿಗುತ್ತದಲ್ಲ, ಅದರ ಸ್ವಲ್ಪ ಮೇಲೆ ಪ್ರೋಬ್ ಇಟ್ಟು ಕೆಳಮುಖವಾಗಿ ಓರೆ ಮಾಡಬೇಕು. ಜೆಲ್ ಧಾರಾಳವಾಗಿರಲಿ. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಅಲೆ ಒಳಗೇ ಹೋಗುವುದಿಲ್ಲ. ಪ್ರೋಬನ್ನು ಅತ್ತಿತ್ತ ಉಜ್ಜಿದರೆ ಬರೀ ಗರಗರ ಅನ್ನುತ್ತದೆ. ಒಂದೇ ಜಾಗದಲ್ಲಿಟ್ಟು ಕೈಯನ್ನು ನಿಧಾನಕ್ಕೆ ವಾಲಿಸುತ್ತಾ ಹೋಗಬೇಕು.

ನನಗೆ ಮಾಸು ಗರ್ಭಕೋಶದ ಮುಂಭಾಗಕ್ಕೇ ಅಂಟಿಕೊಂಡಿತ್ತು. ಹಾಗಾಗಿ ಮೊದಲು ಸಿಗುತ್ತಿದ್ದದ್ದು ಹುಶ್... ಹುಶ್... ಅನ್ನುವ ದಪ್ಪ ಸದ್ದು. ಅದು ನನ್ನದೇ ರಕ್ತದ ಹರಿವು. ಮಗುವಿನದು ಬೇರೆ, ದೂರದಲ್ಲಿ ಕುದುರೆ ಓಡುತ್ತಿರುವ ಹಾಗೆ ಚುರುಕಾಗಿ, ಟಕಟಕ ಟಕಟಕ ಅಂತ. ಅದು ಮೊದಲ ಸಲ ಸ್ಪಷ್ಟವಾಗಿ ಸಿಕ್ಕಾಗ ನಾನೂ ನಮ್ಮವರೂ ಮಾತೇ ಆಡಲಿಲ್ಲ. ಆ ಸಂತೋಷ ನಿಜ. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಆದರೆ ಪರದೆಯ ಮೇಲಿನ ಸಂಖ್ಯೆಯನ್ನು ನಾನು ನಂಬುತ್ತಿರಲಿಲ್ಲ. ಮಗುವಿನ ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಇರುತ್ತದೆ, ತಾಯಿಯದು ಅದಕ್ಕಿಂತ ಎಷ್ಟೋ ಕಡಿಮೆ. ಕೇಳಲು ಸುಲಭ, ಅಲ್ವಾ? ಆದರೆ ಹೆದರಿದ ತಾಯಿಯ ನಾಡಿ 100 ದಾಟುವುದು ದೊಡ್ಡ ವಿಷಯವಲ್ಲ. ಮೆಷಿನ್ ಕೆಲವೊಮ್ಮೆ ಒಂದು ಬಡಿತವನ್ನು ಎರಡೆಂದು ಎಣಿಸುತ್ತದೆ. ಆಗ ತಾಯಿಯ 75 ಪರದೆಯಲ್ಲಿ 150 ಆಗಿ ಕಾಣುತ್ತದೆ! ಅದಕ್ಕೇ ಬಲಗೈಯಲ್ಲಿ ಪ್ರೋಬ್ ಹಿಡಿದು, ಎಡಗೈ ಮಣಿಕಟ್ಟನ್ನು ನಮ್ಮವರ ಕೈಗೆ ಕೊಡುತ್ತಿದ್ದೆ. ಅವರು ನನ್ನ ನಾಡಿ ಹಿಡಿದು ಪ್ರತಿ ಬಡಿತಕ್ಕೂ ಬೆರಳಿನಿಂದ ಮಂಚದ ಮೇಲೆ ತಟ್ಟುತ್ತಿದ್ದರು. ತಟ್ಟುವುದೂ ಸದ್ದೂ ಒಟ್ಟಿಗೆ ಬಂದರೆ ಕೇಳುತ್ತಿರುವುದು ನನ್ನದು. ಸದ್ದು ಅವರ ಬೆರಳನ್ನು ಬಿಟ್ಟು ಮುಂದೆ ಓಡಿದರೆ ಮಾತ್ರ ಮಗುವಿನದು.

ಸಿಕ್ಕ ಕೂಡಲೇ ಆಫ್ ಮಾಡುತ್ತಿದ್ದೆವು. ದಿನಾ ಕೇಳಬೇಕು ಅನ್ನಿಸುತ್ತಿತ್ತು, ಆದರೆ ಕೇಳುತ್ತಿರಲಿಲ್ಲ. ಈ ಅಲೆಗಳು ಅಂಗಾಂಶವನ್ನು ಸ್ವಲ್ಪ ಬಿಸಿ ಮಾಡಬಲ್ಲವು. ಇಂಥ ಸಾಧನವನ್ನು ತಜ್ಞರ ನಿಗಾ ಇಲ್ಲದೆ ಮನೆಯಲ್ಲಿ ಬಳಸಬೇಡಿ ಎಂದು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದ್ದಕ್ಕೆ ಇದೂ ಒಂದು ಕಾರಣ. ಮಗುವಿನ ಒದೆತ ಚೆನ್ನಾಗಿ ಗೊತ್ತಾಗತೊಡಗಿದ ಮೇಲೆ ಡಾಪ್ಲರ್ ಬಹುತೇಕ ಕಪಾಟಿನಲ್ಲೇ ಇತ್ತು.

ಏಳು ತಿಂಗಳು ತುಂಬಿದ ಮೇಲೆ ಒಂದು ಸಂಜೆ ಮಗು ಎಂದಿನ ಹಾಗೆ ಆಡುತ್ತಿಲ್ಲ ಅನ್ನಿಸಿತು. ನಮ್ಮವರು ಕಪಾಟಿನ ಕಡೆ ನೋಡಿ, ‘ಒಂದ್ಸಲ ಕೇಳಿ ನೋಡೋಣ್ವಾ?’ ಅಂದರು. ‘ಬೇಡ ರೀ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ’ ಅಂದೆ. ಬಡಿತ ಕೇಳಿಸಿದ್ದರೆ ನಾವು ಬೆಳಗಾಗಲಿ ಅಂತ ಮಲಗಿಬಿಡುತ್ತಿದ್ದೆವೇನೋ. ತೊಂದರೆಯಲ್ಲಿರುವ ಮಗುವಿನ ಹೃದಯವೂ ಬಡಿಯುತ್ತಲೇ ಇರುತ್ತದೆ. ಆಮ್ಲಜನಕ ಸಾಲದೆ ಬಂದಾಗ ಮಗು ಶಕ್ತಿ ಉಳಿಸಿಕೊಳ್ಳಲು ಮಿಸುಕಾಟ ಕಡಿಮೆ ಮಾಡಬಹುದು. ಬಡಿತ ಕೆಡುವುದು ಆಮೇಲೆ. ಹಾಗಾಗಿ ಮಿಸುಕಾಟ ಕಡಿಮೆಯಾದಾಗ ಡಾಪ್ಲರಿನಲ್ಲಿ ಕೇಳುವ ಸದ್ದಿಗೆ ಬೆಲೆಯೇ ಇಲ್ಲ.

ಆಸ್ಪತ್ರೆಯಲ್ಲಿ ಸಿಟಿಜಿ, ಅಂದರೆ ಮಗುವಿನ ಬಡಿತವನ್ನು ಸ್ವಲ್ಪ ಹೊತ್ತು ಬಿಡದೆ ಗುರುತಿಸುವ ಪರೀಕ್ಷೆ ಮಾಡಿದರು. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು. ಒಂದು ಮಗುವಿನ ಬಡಿತಕ್ಕೆ, ಇನ್ನೊಂದು ಗರ್ಭಕೋಶ ಬಿಗಿಯಾಗುವುದನ್ನು ಹಿಡಿಯಲು. ಕೈಗೆ ಒಂದು ಬಟನ್ ಕೊಟ್ಟು, ಮಗು ಮಿಸುಕಿದಾಗಲೆಲ್ಲ ಒತ್ತಲು ಹೇಳಿದರು. ಕಾಗದದ ಮೇಲೆ ಗೆರೆ ಏರಿಳಿಯುತ್ತಾ ಬರುತ್ತಿತ್ತು. ನರ್ಸ್ ಅದನ್ನು ತೋರಿಸಿ, ‘ನೋಡಿ, ಮಿಸುಕಿದಾಗ ಬಡಿತ ಮೇಲೆ ಹೋಗಿ ಮತ್ತೆ ಇಳೀತಿದೆ, ನಾವು ನೋಡೋದು ಇದನ್ನೇ’ ಅಂದರು. ಮನೆಯ ಮೆಷಿನ್ ತೋರಿಸುವುದು ಆ ಗಳಿಗೆಯ ಒಂದು ಸಂಖ್ಯೆಯನ್ನು ಮಾತ್ರ. ಹೊತ್ತು ಕಳೆದಂತೆ ಬಡಿತ ಹೇಗೆ ಬದಲಾಗುತ್ತದೆ ಅನ್ನುವುದನ್ನು ಓದಲು ಕಲಿತವರೇ ಬೇಕು. ಅವತ್ತು ಎಲ್ಲ ಸರಿ ಇತ್ತು. ಸುಮ್ನೆ ಬಂದಿರಿ ಅಂತ ಯಾರೂ ಅನ್ನಲಿಲ್ಲ, ಮತ್ತೆ ಹಾಗನ್ನಿಸಿದರೆ ಮತ್ತೆ ಬನ್ನಿ ಅಂದರು.

ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ ಅಂತ ಹಿರಿಯರು ಹೇಳುವುದುಂಟು. ಅದನ್ನು ನಂಬಬೇಡಿ. ಒದೆತದ ರೀತಿ ಬದಲಾಗಬಹುದು, ಆದರೆ ಮಿಸುಕಾಟ ಕೊನೆಯವರೆಗೂ ಇರಬೇಕು.

ಡಾಪ್ಲರ್ ತೆಗೆದುಕೊಳ್ಳಲಾ ಅಂತ ಗೆಳತಿಯರು ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ. ಭಯ ಜಾಸ್ತಿ ಇರುವವರಿಗಂತೂ ಖಂಡಿತ ಬೇಡ. ಬಡಿತ ಸಿಗದ ದಿನ ಆ ಭಯ ಇನ್ನೂ ಹೆಚ್ಚುತ್ತದೆ. ಅದರ ಬದಲು ಚೆಕಪ್ಪಿಗೆ ಹೋದಾಗ ಸಂಕೋಚ ಬಿಟ್ಟು ಡಾಕ್ಟರನ್ನೇ ಕೇಳಿ, ಅವರೇ ಹುಡುಕಿ ಕೇಳಿಸುತ್ತಾರೆ. ಈಗಾಗಲೇ ತಂದುಬಿಟ್ಟಿದ್ದರೆ, ಆಸ್ಪತ್ರೆಯ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅದರ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಇಡಿ.