ಅಜ್ಜನ ಸುರಂಗದಿಂದ ಕರೆಂಟು ಬಿಲ್ಲು ಇಳಿಸಿದ ಕತೆ

ಎರಡು ತಿಂಗಳಿಗೊಮ್ಮೆ ಬರುವ ನಮ್ಮ ಬಿಲ್ಲಿನಲ್ಲಿ ಮೊದಲು 540 ಯೂನಿಟ್ ಆಸುಪಾಸು ಇರುತ್ತಿತ್ತು. ಈಗ 310. ನಾಲ್ಕು ಸಾವಿರ ಚಿಲ್ಲರೆ ಕಟ್ಟುತ್ತಿದ್ದವನು ಈಗ ಸಾವಿರದ ಏಳುನೂರು ಕಟ್ಟುತ್ತಿದ್ದೇನೆ. ಯೂನಿಟ್ ಅರ್ಧ ಇಳಿಯಲಿಲ್ಲ, ದುಡ್ಡು ಹೇಗೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು ಅಂತ ಭಾವ ಕೇಳಿದರು. ತಿಂಗಳಿಗೆ 250 ದಾಟಿತೋ, ಕೇರಳದಲ್ಲಿ ಮೊದಲ ಯೂನಿಟ್ಟಿನಿಂದಲೇ ದೊಡ್ಡ ದರ. ಎರಡು ತಿಂಗಳಿಗೆ ಅದು 500. ಮೇಲಿನ ಬರೀ ನಲವತ್ತು ಯೂನಿಟ್ಟಿಗಾಗಿ ಎಷ್ಟೋ ವರ್ಷ ಸುಮ್ನೆ ದಂಡ ತೆತ್ತೆವು.

ಎಲ್‌ಇಡಿ ಬಲ್ಬು ಎಲ್ಲರೂ ಹಾಕಿದ್ದಾರೆ, ಅದನ್ನು ಬಿಡಿ. ನಾನು ಒಂದು ರಾತ್ರಿ ಟಾರ್ಚ್ ಹಿಡಿದು ಮೀಟರಿನ ಎದುರು ಕೂತೆ. ಒಂದು ಯೂನಿಟ್ಟಿಗೆ ಎಷ್ಟು ಸಲ ಕೆಂಪು ದೀಪ ಮಿಣುಕುತ್ತದೆ ಅಂತ ಅದರ ಮೇಲೆಯೇ ಬರೆದಿರುತ್ತದೆ, ನಮ್ಮದರಲ್ಲಿ 3200. ಮನೆಯ ಸ್ವಿಚ್ಚೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತ ಮೇಲೂ ಅದು ಮಿಣುಕುತ್ತಲೇ ಇತ್ತು! ಕಳ್ಳ ಸಿಕ್ಕಿದ್ದು ಇನ್ವರ್ಟರ್. ಏಳು ವರ್ಷದ ಬ್ಯಾಟರಿ, ಚಾರ್ಜ್ ನಿಲ್ಲುತ್ತಿರಲಿಲ್ಲ, ಹಗಲು ರಾತ್ರಿ ಸುಮಾರು 40 ವಾಟ್ ಕುಡಿಯುತ್ತಿತ್ತು. ಎರಡು ತಿಂಗಳಿಗೆ 55-60 ಯೂನಿಟ್. ಬ್ಯಾಟರಿ ಬದಲಿಸಿದೆ. ನಾಲ್ಕು ಹಳೇ ಫ್ಯಾನ್ ತೆಗೆದು ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿದೆ, 75 ವಾಟಿನ ಜಾಗದಲ್ಲಿ 30. ಅಲ್ಲಿಗೆ ಇನ್ನೊಂದು 80 ಉಳಿಯಿತು.

ಉಳಿದ ದೊಡ್ಡ ಹೊಟ್ಟೆ ಬಾವಿಯ ಪಂಪಿನದ್ದು. ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿ ದಿನಕ್ಕೆ ಒಂದೂವರೆ ಗಂಟೆ ಓಡುತ್ತಿತ್ತು. ವಾಲ್ವ್ ಬದಲಿಸಿದ್ದರೆ ಸಾಕಿತ್ತೋ ಏನೋ, ಆದರೆ ನನ್ನ ಕಣ್ಣು ಗುಡ್ಡದ ಮೇಲಿತ್ತು. ನಮ್ಮ ಕಾಸರಗೋಡಿನ ಪೆರ್ಲ, ಬಾಯಾರು ಕಡೆಯವರಿಗೆ ಸುರಂಗ ಅಂದರೆ ವಿವರಿಸಬೇಕಿಲ್ಲ; ಉಳಿದವರಿಗೆ ಹೇಳುವುದಾದರೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಕ್ಕೆ ಕೊರೆದ ಬಿಲ, ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ನಮ್ಮದು ಅಜ್ಜ ಕೆಂಪು ಮುರಕಲ್ಲಿನಲ್ಲಿ ಪಿಕ್ಕಾಸಿನಿಂದ ಕೊರೆಸಿದ್ದು, ಹಿಂದೆ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ನೀರು ಬರುತ್ತಿತ್ತಂತೆ. ಪಂಪ್ ಬಂದ ಮೇಲೆ ಯಾರೂ ಅತ್ತ ಹೋಗಲಿಲ್ಲ. ಅದರ ಬಾಯಿ ನಮ್ಮ ತಾರಸಿ ಟ್ಯಾಂಕಿಗಿಂತ ಇಪ್ಪತ್ತು ಅಡಿ ಎತ್ತರದಲ್ಲಿದೆ. ಮಣ್ಣು ತೆಗೆಸಿ ಅಳೆದೆ: ಜನವರಿಯಲ್ಲಿ ಒಂದು ಲೀಟರಿನ ಬಾಟ್ಲಿ 12 ಸೆಕೆಂಡಿನಲ್ಲಿ ತುಂಬಿತು. ಅಂದರೆ ದಿನಕ್ಕೆ ಏಳು ಸಾವಿರ ಲೀಟರ್. ನಮ್ಮ ಆರು ಜನಕ್ಕೆ ಸಾವಿರ ಸಾಕು.

"ಎಂತ ಮಾರಾಯ, ಈ ಕಾಲದಲ್ಲಿ ಸುರಂಗದ ನೀರಾ?" ಅಂತ ಭಾವ ನಕ್ಕರು. ಮೊದಲ ಸಲ ನಗುವ ಹಾಗೆಯೇ ಆಯಿತು ಬಿಡಿ. ಕಡಿಮೆಗೆ ಸಿಕ್ಕಿತು ಅಂತ 220 ಮೀಟರ್ ಅರ್ಧ ಇಂಚಿನ ಕಪ್ಪು ಹೋಸ್ ಎಳೆದೆ, ಮೂರು ಸಾವಿರ ಚಿಲ್ಲರೆ. ಟ್ಯಾಂಕಿಗೆ ಬಂದದ್ದು ನೂಲಿನಂಥ ನೀರು. ಹದಿನೈದು ದಿನದೊಳಗೆ ಮುಳ್ಳುಹಂದಿ ಎರಡು ಕಡೆ ಕಡಿದು ಹಾಕಿತು. ಆ ಮೂರು ಸಾವಿರ ನೀರಿಗಿಂತ ಮೊದಲೇ ಹರಿದು ಹೋಯಿತು.

ಎರಡನೇ ಸಲ ಒಂದು ಇಂಚಿನ ಪೈಪ್, ಸುಮಾರು ಒಂಬತ್ತು ಸಾವಿರ, ಕೂಲಿ ಬೇರೆ. ಮೂರು ದಿನ ಚೆನ್ನಾಗಿ ಬಂತು, ನಾಲ್ಕನೇ ದಿನ ನಿಂತೇ ಹೋಯಿತು. ಬಾಯಿಯಲ್ಲಿ ಎಳೆದರೆ ಒಂದು ಗಂಟೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿ ಕಟ್ಟುವುದು ಅಂತ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ತೋಟದ ಮೇಲ್ಗಡೆ ಪೈಪ್ ಸ್ವಲ್ಪ ಉಬ್ಬಿ ಮತ್ತೆ ಇಳಿಯುತ್ತದೆ, ನೀರು ನಿಧಾನ ಇದ್ದಾಗ ಗಾಳಿ ಅಲ್ಲೇ ಕೂರುತ್ತದೆ. ಆ ಉಬ್ಬಿನಲ್ಲಿ ಪೈಪಿಗೆ ಮೂರು ಬಾಯಿಯ ಒಂದು ಟೀ ಜೋಡಿಸಿ, ಅದರಿಂದ ಬಾಯಿ ತೆರೆದ ಸಣ್ಣ ಪೈಪನ್ನು ಅಡಿಕೆ ಮರಕ್ಕೆ ಕಟ್ಟಿ ನೆಟ್ಟಗೆ ಏರಿಸಿದೆ. ಅದರ ತುದಿ ಸುರಂಗದ ಬಾಯಿಗಿಂತ ಒಂದು ಮೊಳ ಮೇಲೆ ಇರಬೇಕು, ಕೆಳಗಿದ್ದರೆ ನೀರೆಲ್ಲ ಅಲ್ಲೇ ಚೆಲ್ಲುತ್ತದೆ. ಆಮೇಲೆ ಒಂದು ದಿನವೂ ನಿಂತಿಲ್ಲ. ಎರಡನೇ ಪೈಪನ್ನು ಮುಳ್ಳುಹಂದಿ ಮುಟ್ಟದ ಹಾಗೆ ಏನು ಮಾಡಿದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ.

ಹಾಳಾದ ಕಪ್ಪು ಹೋಸನ್ನು ಬಿಸಾಡಲು ಮನಸ್ಸಾಗದೆ ಸುರುಳಿ ಮಾಡಿ ತಾರಸಿಯಲ್ಲಿಟ್ಟು ಬಿಸಿನೀರು ಮಾಡಲೂ ಹೋದೆ. ಮಧ್ಯಾಹ್ನ ಮೂರಕ್ಕೆ ಕೈ ಸುಡುವಷ್ಟು ಬಿಸಿ, ಬೆಳಿಗ್ಗೆ ಆರಕ್ಕೆ ತಣ್ಣೀರು. ಮೂರು ಗಂಟೆಗೆ ಯಾರು ಸ್ನಾನ ಮಾಡುತ್ತಾರೆ? ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಬೇಕಾದಷ್ಟಿದೆ, ಹಂಡೆಯೇ ವಾಸಿ.

ಏಪ್ರಿಲಿನಲ್ಲಿ ಅದೇ ಬಾಟ್ಲಿ ತುಂಬಲು 40 ಸೆಕೆಂಡ್ ಹಿಡಿಯಿತು. ಆಗಲೂ ದಿನಕ್ಕೆ ಎರಡು ಸಾವಿರ ಲೀಟರ್ ಬರುತ್ತದೆ, ಆದರೆ ನೆಂಟರು ತುಂಬಿದ ಮೇ ತಿಂಗಳಲ್ಲಿ ಪಂಪನ್ನೂ ಹತ್ತು ನಿಮಿಷ ಓಡಿಸಿದ್ದೇನೆ, ಸುಳ್ಳು ಯಾಕೆ. ಮೊನ್ನೆ ಭಾವ ಫೋನ್ ಮಾಡಿ, ಅವರ ಗುಡ್ಡದ ಹಳೇ ಸುರಂಗದ ಮಣ್ಣು ತೆಗೆಯಲು ಜನ ಸಿಗುತ್ತಾರಾ ಅಂತ ಕೇಳಿದರು. ಮೊದಲು ಬಾಟ್ಲಿ ಹಿಡಿದು ಅಳೆಯಿರಿ, ಆಮೇಲೆ ಪೈಪ್ ತೆಗೆದುಕೊಳ್ಳಿ ಅಂದೆ.