ಹಳೇ ಡೊಮೇನ್‌ನಿಂದ ಹೊಸದಕ್ಕೆ: ಫೋಲ್ಡರ್ ಪರ್ಮಿಷನ್ ಸಾಗಿಸಿದ ಅನುಭವ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಂಪನಿಯ ಸರ್ವರ್ ನೋಡಿಕೊಳ್ಳುತ್ತೇನೆ. ಹಾಸನದ ಕಂಪನಿಯೊಂದರ ಜೊತೆ ಅದು ಸೇರಿಹೋಯಿತು. ಇಲ್ಲಿನ ವಿಂಡೋಸ್ ಡೊಮೇನ್ (ಯೂಸರ್, ಗ್ರೂಪ್, ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಮುಚ್ಚಿ ಎಲ್ಲವನ್ನೂ ಹಾಸನದ ಡೊಮೇನ್‌ಗೆ ಒಯ್ಯಬೇಕಿತ್ತು. ಯೂಸರ್‌ಗಳದ್ದು ದೊಡ್ಡ ವಿಷಯವಲ್ಲ. ತಲೆನೋವು ಇರುವುದೆಲ್ಲ ಶೇರ್ ಫೋಲ್ಡರ್‌ಗಳಲ್ಲಿ.

ಯಾರಿಗೆ ಪರ್ಮಿಷನ್ ಇದೆ ಅಂತ ಫೋಲ್ಡರ್ ನೆನಪಿಟ್ಟುಕೊಳ್ಳುವುದು 'ಅಕೌಂಟ್ಸ್' ಅನ್ನುವ ಗ್ರೂಪಿನ ಹೆಸರನ್ನಲ್ಲ, ಎಸ್‌ಐಡಿ ಅನ್ನುವ ಉದ್ದದ ನಂಬರನ್ನು. ಎಸ್-1-5-21 ಅಂತ ಶುರುವಾಗುತ್ತದೆ, ನಡುವೆ ಡೊಮೇನ್‌ನ ಗುರುತು, ಕೊನೆಗೆ ಆ ಗ್ರೂಪಿನ ಗುರುತು. ಹೊಸ ಡೊಮೇನ್‌ನಲ್ಲಿ ಅದೇ ಹೆಸರಿನ ಗ್ರೂಪ್ ಮಾಡಿದರೂ ನಂಬರ್ ಬೇರೆ. ಹಳೇ ಡೊಮೇನ್ ಮುಚ್ಚಿದ ಮೇಲೆ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಜಾಗದಲ್ಲಿ ಬರೀ ಅಂಕಿ ಕಾಣುತ್ತದೆ. ಅಷ್ಟು ಹೊತ್ತಿಗೆ ಅಕೌಂಟೆಂಟ್ ಫೋನ್ ಬಂದಿರುತ್ತದೆ: "ಸಾರ್, ಫೋಲ್ಡರ್ ಕಾಣ್ತಿದೆ, ಓಪನ್ ಆಗ್ತಿಲ್ಲ."

ಕುಯ್ಲಿನ ಕಾಲದಲ್ಲಿ ಈ ಕೆಲಸ ಬೇಡ ಅಂದಿದ್ದೆ. ಮಳೆಗಾಲದಲ್ಲಿ ಮಾಡಿದೆವು. ಮಲೆನಾಡಿನ ಮಳೆ ಅಂದ್ರೆ ಕರೆಂಟ್ ಕಥೆ ಗೊತ್ತಲ್ವಾ? ಹೊಸ ಸರ್ವರಿಗೆ ಫೈಲ್ ಕಾಪಿ ಮಾಡಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಕಮಾಂಡ್ ಬಳಸಿದ್ದಕ್ಕೆ ಅದೂ ಒಂದು ಕಾರಣ. ನಡುವೆ ನಿಂತರೂ ಮತ್ತೆ ಓಡಿಸಿದಾಗ ಈಗಾಗಲೇ ಕಾಪಿಯಾದ ಫೈಲ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಫೈಲ್ ಬದಲಾಗದೆ ಪರ್ಮಿಷನ್ ಮಾತ್ರ ಬದಲಾಗಿದ್ದರೆ ಅದನ್ನೂ ಬಿಟ್ಟುಬಿಡುತ್ತದೆ. ಅದಕ್ಕೆ ಸೆಕ್‌ಫಿಕ್ಸ್ ಸ್ವಿಚ್ ಸೇರಿಸಬೇಕು.

ಎರಡು ಡೊಮೇನ್ ನಡುವೆ ಟ್ರಸ್ಟ್ (ಒಂದರ ಯೂಸರ್‌ಗಳನ್ನು ಇನ್ನೊಂದು ಒಪ್ಪುವ ಏರ್ಪಾಡು) ಹಾಕಿ, ಡೊಮೇನ್ ಸಾಗಿಸಲೆಂದೇ ಇರುವ ಮೈಕ್ರೋಸಾಫ್ಟ್‌ನ ಎಡಿಎಂಟಿ ಟೂಲ್ ಬಳಸಿ ಮೊದಲು ಗ್ರೂಪ್, ಆಮೇಲೆ ಯೂಸರ್‌ಗಳನ್ನು ಸಾಗಿಸಿದೆ, ಎಸ್‌ಐಡಿ ಹಿಸ್ಟರಿ ಸಮೇತ. ಹೊಸ ಅಕೌಂಟ್ ಹಳೇ ನಂಬರನ್ನೂ ಹೊತ್ತುಕೊಂಡಿರುವುದರಿಂದ ಹಳೇ ಫೋಲ್ಡರ್ ತೆರೆಯುತ್ತದೆ. ಆದರೆ ಸರ್ವರ್ ಇನ್ನೂ ಹಳೇ ಡೊಮೇನ್‌ನಲ್ಲೇ ಇದ್ದರೆ, ಟ್ರಸ್ಟ್‌ನಲ್ಲಿರುವ ಎಸ್‌ಐಡಿ ಫಿಲ್ಟರಿಂಗ್ ಆ ನಂಬರನ್ನು ಬಾಗಿಲಲ್ಲೇ ತಡೆಯುತ್ತದೆ. ಕೆಲಸ ಮುಗಿಯುವವರೆಗೆ ಅದನ್ನು ಸಡಿಲಿಸಿದೆ. ಭದ್ರತೆ ದೃಷ್ಟಿಯಿಂದ ಹಾಗೇ ಬಿಡುವಂಥದ್ದಲ್ಲ.

ಹಿಸ್ಟರಿ ನಂಬಿಕೊಂಡು ಕೂರುವವರು ಜಾಸ್ತಿ. ನನಗೆ ಅದು ಇಷ್ಟವಿಲ್ಲ. ಫೋಲ್ಡರ್‌ಗಳಲ್ಲಿರುವ ಹಳೇ ನಂಬರಿಗೆ ಹೊಸ ನಂಬರ್ ಹಾಕಲು ಎಡಿಎಂಟಿಯಲ್ಲೇ ಸೆಕ್ಯುರಿಟಿ ಟ್ರಾನ್ಸ್‌ಲೇಷನ್ ಇದೆ. ಅದರಲ್ಲಿ ಮೂರು ದಾರಿ: ರಿಪ್ಲೇಸ್, ಆಡ್, ರಿಮೂವ್. ಮೊದಲೇ ರಿಪ್ಲೇಸ್ ಒತ್ತಬೇಡಿ. ಆಡ್ ಮಾಡಿದರೆ ಹಳೇ ನಂಬರಿನ ಪಕ್ಕದಲ್ಲೇ ಹೊಸದೂ ಕೂರುತ್ತದೆ, ಇನ್ನೂ ಬದಲಾಗದವರ ಕೆಲಸವೂ ನಿಲ್ಲುವುದಿಲ್ಲ. ಇದಕ್ಕೂ ಮುಂಚೆ ಐಕ್ಯಾಕಲ್ಸ್ ಅನ್ನುವ ವಿಂಡೋಸ್ ಕಮಾಂಡಿನ ಸೇವ್ ಆಯ್ಕೆಯಿಂದ ಎಲ್ಲ ಪರ್ಮಿಷನ್‌ಗಳನ್ನು ಒಂದು ಫೈಲಿಗೆ ಇಳಿಸಿಕೊಂಡಿದ್ದೆ. ಫೋಲ್ಡರಿನ ಓನರ್ ಯಾರು ಅನ್ನುವುದು ಅದರಲ್ಲಿ ಬರುವುದಿಲ್ಲ, ನೆನಪಿರಲಿ.

ಇನ್ನೆರಡು ಸಂಗತಿ. ಹಳೇ ಸರ್ವರಿನ ಲೋಕಲ್ ಗ್ರೂಪ್‌ಗಳಿಗೆ (ಆ ಒಂದು ಸರ್ವರಿನಲ್ಲೇ ಮಾಡಿದವು) ಕೊಟ್ಟ ಪರ್ಮಿಷನ್ ಹೊಸ ಸರ್ವರಿನಲ್ಲಿ ನಡೆಯುವುದಿಲ್ಲ, ಅವನ್ನು ಡೊಮೇನ್ ಗ್ರೂಪ್‌ಗೆ ಬದಲಿಸಬೇಕು. ನೆಟ್‌ವರ್ಕ್ ಮೂಲಕ ಬರುವವರಿಗೆ ಹಾಕುವ ಶೇರ್ ಪರ್ಮಿಷನ್ ಬೇರೆ, ಡಿಸ್ಕಿನಲ್ಲಿ ಫೈಲ್, ಫೋಲ್ಡರಿನ ಮೇಲೇ ಇರುವ ಎನ್‌ಟಿಎಫ್‌ಎಸ್ ಪರ್ಮಿಷನ್ ಬೇರೆ. ರೋಬೋಕಾಪಿ ಎರಡನೆಯದನ್ನು ಮಾತ್ರ ತರುತ್ತದೆ, ಶೇರ್‌ನದ್ದು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಇರುತ್ತದೆ. ನಾನು ಶೇರ್‌ಗಳನ್ನು ಹೊಸದಾಗಿಯೇ ಮಾಡಿದೆ.

ಗ್ರೂಪ್ ಬದಲಿಸಿದ ಮೇಲೆ ಎಲ್ಲರಿಗೂ ಲಾಗ್ ಆಫ್ ಮಾಡಿ ಮತ್ತೆ ಬನ್ನಿ ಅಂತ ಹೇಳಿ. ಅರ್ಧ ಫೋನ್ ಅಲ್ಲೇ ನಿಲ್ಲುತ್ತವೆ. ಮುಂದಿನ ಕುಯ್ಲು ಮುಗಿಯುವವರೆಗೆ ಕಾದು, ದೂರು ಬರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ರಿಮೂವ್ ಓಡಿಸಿ ಟ್ರಸ್ಟ್ ತೆಗೆದೆ.